ಸೊನ್ನೆ ಬಡ್ಡಿಯ ಫ್ರಿಜ್ಜು

ಕಳೆದ ದೀಪಾವಳಿಗೆ ನಾಲ್ಕು ದಿನ ಇರುವಾಗ ನಮ್ಮ ಮನೆಯ ಫ್ರಿಜ್ಜು ನಿಂತುಹೋಯಿತು. ಹದಿನೆಂಟು ವರ್ಷ ದುಡಿದ ಪೆಟ್ಟಿಗೆ. ರಿಪೇರಿಯವನು ಹಿಂಬದಿಗೆ ಬಗ್ಗಿ ನೋಡಿ, "ಕಂಪ್ರೆಸರ್ ಹೋಗಿದೆ ಸಾರ್, ಇದಕ್ಕೆ ಇನ್ನು ದುಡ್ಡು ಹಾಕೋದು ದಂಡ" ಎಂದ. ಹಬ್ಬಕ್ಕೆಂದು ತಂದಿಟ್ಟಿದ್ದ ಹಾಲು, ಬೆಣ್ಣೆ ಎಲ್ಲ ಅಕ್ಕಪಕ್ಕದ ಮನೆಗಳ ಫ್ರಿಜ್ಜು ಸೇರಿದವು. ನನ್ನಾಕೆ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಅದರ ಅರ್ಥ ಏನೆಂದು ಐವತ್ತು ವರ್ಷ ಸಂಸಾರ ಮಾಡಿದವರಿಗೆ ಗೊತ್ತು. ಅಂದೇ ಸಂಜೆ ನಾನು, ಎಂಟನೇ ತರಗತಿ ಓದುವ ಮೊಮ್ಮಗಳು ಪುಟ್ಟಿ, ಇಬ್ಬರೂ ತುಮಕೂರಿನ ಒಂದು ದೊಡ್ಡ ಅಂಗಡಿಗೆ ಹೋದೆವು.

ಬಾಗಿಲಲ್ಲೇ ಆಳೆತ್ತರದ ಬೋರ್ಡು: "ಬಡ್ಡಿ ಶೇ. 0. ಹತ್ತು ಸುಲಭ ಕಂತು." ಒಂದು ಫ್ರಿಜ್ಜು ನಮ್ಮಿಬ್ಬರಿಗೂ ಹಿಡಿಸಿತು. ಬೆಲೆ 30,000 ರೂಪಾಯಿ. ಅಲ್ಲಿದ್ದ ಹುಡುಗ ಬಹಳ ಮರ್ಯಾದಸ್ಥ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಒಂದು ಚೀಟಿಯ ಮೇಲೆ ಲೆಕ್ಕ ಬರೆದ. ತಿಂಗಳಿಗೆ 3,000ದಂತೆ ಹತ್ತು ಕಂತು. ಮೊದಲ ಎರಡು ಕಂತು ಈಗಲೇ ಕಟ್ಟಬೇಕು. ಉಳಿದ ಎಂಟು ತಾನಾಗಿಯೇ ಬ್ಯಾಂಕ್ ಖಾತೆಯಿಂದ ಹೋಗುತ್ತವೆ. "ಬಡ್ಡಿ ಒಂದು ರೂಪಾಯಿ ಇಲ್ಲ ಸಾರ್. ಪ್ರೊಸೆಸಿಂಗ್ ಫೀ ಮಾತ್ರ 600, ಜಿಎಸ್‌ಟಿ ಬೇರೆ" ಎಂದ. ನನ್ನ ಆಧಾರ್, ಪ್ಯಾನ್ ನೋಡಿ ಕೈಯಲ್ಲಿದ್ದ ಟ್ಯಾಬಿನಲ್ಲಿ ಟಕಟಕ ಒತ್ತಿದ. "ಸಾರ್, ನಿಮ್ಮ ಫೋನಿಗೆ ಒಂದು ಒಟಿಪಿ ಬರತ್ತೆ, ಹೇಳಿಬಿಡಿ. ನಾಳೆ ಬೆಳಿಗ್ಗೆ ಫ್ರಿಜ್ಜು ಮನೆಯಲ್ಲಿರತ್ತೆ."

ಕನ್ನಡಕ ಮನೆಯಲ್ಲಿ ಬಿಟ್ಟಿದ್ದೆ. ಫೋನನ್ನು ಪುಟ್ಟಿಯ ಕೈಗೆ ಕೊಟ್ಟು, "ನಂಬರ್ ಹೇಳಮ್ಮ" ಎಂದೆ. ಅವಳು ನಂಬರ್ ಹೇಳಲಿಲ್ಲ. ಮೆಸೇಜನ್ನು ಪೂರ್ತಿ ಓದಿ, "ತಾತ, ಇದರಲ್ಲಿ ಲೋನ್ ಅಗ್ರಿಮೆಂಟಿಗೆ ಒಪ್ಪಿದ್ದೀನಿ ಅಂತ ಇದೆ. ನೀವು ಅಗ್ರಿಮೆಂಟ್ ಓದಿದ್ರಾ?" ಎಂದು ಕೇಳಿದಳು.

ನಾನು 1973ರಿಂದ 2010ರವರೆಗೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚೆಕ್ಕಿನ ಸಹಿಯನ್ನು ನಮೂನೆ ಸಹಿಯ ಕಾರ್ಡಿನೊಂದಿಗೆ ಹೋಲಿಸಿ, ಒಂದು ಸುರುಳಿ ಹೆಚ್ಚುಕಮ್ಮಿ ಇದ್ದರೂ ವಾಪಸ್ ಕಳಿಸುತ್ತಿದ್ದವನು. ಆ ಹೊತ್ತಿಗೆ ಕೂತಲ್ಲೇ ನನಗೆ ಹೊಳೆದದ್ದು ಇಷ್ಟೇ: ಈ ಆರಂಕಿಯ ಒಟಿಪಿ ಇದೆಯಲ್ಲ, ಅದು ನನ್ನ ಸಹಿ. ಓದದೆ ಸಹಿ ಹಾಕಲು ಹೊರಟಿದ್ದೆ. ಎದ್ದು, "ನಾಳೆ ಬರ್ತೀವಪ್ಪ" ಎಂದೆ. ಬಾಗಿಲ ಹತ್ತಿರ ಬಂದಾಗ ಏನೋ ಅನ್ನಿಸಿ ತಿರುಗಿ, "ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಎಂದೆ. ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದು, "28,500ಕ್ಕೆ ಮಾಡಿಕೊಡ್ತೀವಿ ಸಾರ್" ಎಂದ.

ರಾತ್ರಿ ಊಟವಾದ ಮೇಲೆ ಪುಟ್ಟಿ ತನ್ನ ಗಣಿತದ ನೋಟ್‌ಬುಕ್ಕು ತಂದಳು. ಮಕ್ಕಳೇ, ನೀವೂ ಒಂದು ಪೆನ್ಸಿಲ್ಲು ತೆಗೆದುಕೊಂಡು ನಮ್ಮ ಜೊತೆ ಬನ್ನಿ. ಶಾಲೆಯಲ್ಲಿ ಕಲಿತ ಬಡ್ಡಿಯ ಲೆಕ್ಕಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಇಲ್ಲ.

ಫ್ರಿಜ್ಜಿನ ನಿಜವಾದ ಬೆಲೆ ಎಷ್ಟು? ನಗದಿಗೆ 28,500ಕ್ಕೆ ಕೊಡುತ್ತಾರೆಂದ ಮೇಲೆ ಅದೇ ಅದರ ಬೆಲೆ. 30,000 ಅಲ್ಲ. ಕಂತಿನ ಲೆಕ್ಕದಲ್ಲಿ ಮೊದಲ ದಿನ ನಾನು ಕೊಡುವುದು ಎಷ್ಟು? ಎರಡು ಕಂತು 6,000. ಪ್ರೊಸೆಸಿಂಗ್ ಫೀ 600, ಅದರ ಮೇಲೆ ಶೇ. 18 ಜಿಎಸ್‌ಟಿ 108. ಒಟ್ಟು 6,708 ರೂಪಾಯಿ. ಹಾಗಾದರೆ ನನಗೆ ಸಿಕ್ಕ ನಿಜವಾದ ಸಾಲ 28,500ರಲ್ಲಿ 6,708 ಕಳೆದರೆ ಉಳಿಯುವ 21,792. ನಾನು ತೀರಿಸುವುದು ಎಂಟು ಕಂತು, 24,000. ಹೆಚ್ಚಿಗೆ ಹೋದದ್ದು 2,208 ರೂಪಾಯಿ.

"ಬಡ್ಡಿ ಸೊನ್ನೆ ಅಂದ್ರೆ ಕೊಟ್ಟಷ್ಟೇ ವಾಪಸ್ ತಾನೇ ತಾತ? ಇದು ಎಲ್ಲಿಂದ ಬಂತು?" ಎಂದಳು ಪುಟ್ಟಿ.

"ಇರು, ಇನ್ನೂ ಇದೆ" ಎಂದೆ. 21,792 ಎಂಟು ತಿಂಗಳೂ ನನ್ನ ಹತ್ತಿರ ಇರುವುದಿಲ್ಲ. ಪ್ರತಿ ತಿಂಗಳೂ ಕರಗುತ್ತದೆ. ಸಾಲವನ್ನು ಎಂಟು ಪಾಲು ಮಾಡಿದರೆ ಮೊದಲ ತಿಂಗಳು ಎಂಟು ಪಾಲು, ಆಮೇಲೆ ಏಳು, ಆರು, ಹೀಗೆ ಕೊನೆಯ ತಿಂಗಳು ಒಂದೇ ಪಾಲು. ಸರಾಸರಿ ನಾಲ್ಕೂವರೆ ಪಾಲು. ಅಂದರೆ ಸರಾಸರಿ ಸಾಲ 12,258 ರೂಪಾಯಿ. ಇಷ್ಟಕ್ಕೆ ಎಂಟು ತಿಂಗಳಿಗೆ 2,208 ಆದರೆ ಹನ್ನೆರಡು ತಿಂಗಳಿಗೆ 3,312. ಶೇಕಡಾ ಲೆಕ್ಕ ಹಾಕಿ ಪುಟ್ಟಿ ಕೂಗಿದಳು: "ಇಪ್ಪತ್ತೇಳು!" ಬ್ಯಾಂಕಿನವರು ಹಾಕುವ ಸೂಕ್ಷ್ಮ ಲೆಕ್ಕದಲ್ಲಿ ನನಗೆ ಬಂದದ್ದು ಶೇ. 26 ಚಿಲ್ಲರೆ. ಅಷ್ಟು ವ್ಯತ್ಯಾಸ ಬರುತ್ತದೆ, ಅವಳ ತಪ್ಪಲ್ಲ. ಬೋರ್ಡಿನ ಮೇಲಿದ್ದದ್ದು ಸೊನ್ನೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೆಲವು ಸಲ ವಸ್ತು ತಯಾರಿಸುವ ಕಂಪನಿಯೇ ಬಡ್ಡಿಯನ್ನು ತಾನು ಹೊತ್ತುಕೊಳ್ಳುತ್ತದೆ. ಆಗ ನಗದಿಗೂ ಕಂತಿಗೂ ಒಂದೇ ಬೆಲೆ, ಫೀ ಇಲ್ಲ ಎಂದಾದರೆ ಗಿರಾಕಿಯ ಪಾಲಿಗೆ ಅದು ನಿಜವಾಗಿಯೂ ಸೊನ್ನೆಯೇ. ಆದರೆ ಬಿಟ್ಟಿ ಹಣ ಎಂಬುದು ಇಲ್ಲ, ಎಲ್ಲೋ ಯಾರೋ ಬಡ್ಡಿ ಕಟ್ಟಿಯೇ ಇರುತ್ತಾರೆ. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೇ. ಸೊನ್ನೆ ಬಡ್ಡಿ ಎಂಬ ಕಲ್ಪನೆಯೇ ಇಲ್ಲ ಎಂದು ಹೇಳಿತ್ತು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಕಂತು ಎಷ್ಟು?" ಎಂಬುದಲ್ಲ. "ಈಗಲೇ ಪೂರ್ತಿ ಕೊಟ್ಟರೆ ಎಷ್ಟು?" ಎಂಬುದು. ನಗದು ಕೊಡುವ ಯೋಚನೆ ಇಲ್ಲದಿದ್ದರೂ ಕೇಳಬೇಕು.

ಈ ಪ್ರಶ್ನೆ ನನಗೆ ಬ್ಯಾಂಕಿನಲ್ಲಿ ಕಲಿತು ಬಂದದ್ದಲ್ಲ. ನಮ್ಮಮ್ಮನಿಂದ ಬಂದದ್ದು. ನಾನು ಚಿಕ್ಕವನಿದ್ದಾಗ ಹಳ್ಳಿಯಲ್ಲಿ ಶೆಟ್ಟರ ಅಂಗಡಿಯಿಂದ ತಿಂಗಳ ಸಾಮಾನು ಉದ್ರಿ ಬರುತ್ತಿತ್ತು. ಸುಗ್ಗಿಯಾದ ಮೇಲೆ ಚುಕ್ತಾ. ಶೆಟ್ಟರು ಉದ್ದನೆಯ ಕೆಂಪು ಪುಸ್ತಕದಲ್ಲಿ ಬರೆಯುತ್ತಿದ್ದರು. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆಕೆ ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಲಿನಲ್ಲಿ ಗೀಟು ಎಳೆಯುತ್ತಿದ್ದಳು. ಅಕ್ಕಿಗೆ ನೇರ ಗೀಟು, ಬೇಳೆಗೆ ಅಡ್ಡ ಗೀಟು, ಬೆಲ್ಲಕ್ಕೆ ಸೊನ್ನೆ. ಒಂದು ಸಲ ಪುಸ್ತಕದಲ್ಲಿ ಒಂದು ಬೆಲ್ಲದಚ್ಚು ಹೆಚ್ಚಿಗೆ ಇತ್ತು. ಅಮ್ಮ ಶೆಟ್ಟರನ್ನು ಮನೆಗೇ ಕರೆದು ಗೋಡೆ ತೋರಿಸಿದಳು. ಅವರು ಸೊನ್ನೆಗಳನ್ನು ಎರಡು ಸಲ ಎಣಿಸಿ, ನಕ್ಕು, ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೀಟು ಹೊಡೆದರು. ಅವರು ಮೋಸಗಾರರಲ್ಲ, ಬರೆಯುವಾಗ ಕೈ ತಪ್ಪಿತ್ತು ಅಷ್ಟೆ. ಆದರೆ ನಮ್ಮ ಹತ್ತಿರ ನಮ್ಮದೇ ಒಂದು ಲೆಕ್ಕ ಇಲ್ಲದಿದ್ದರೆ ತಪ್ಪೂ ಮೋಸವೂ ನಮ್ಮ ಪಾಲಿಗೆ ಒಂದೇ.

ಬಿ.ಕಾಂ. ಓದಿದ ಮಗ ಅದನ್ನು ಮರೆತ. ಮರೆತದ್ದರ ಕಥೆಯನ್ನೂ ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕು?

1987ರಲ್ಲಿ ನಮ್ಮ ಶಾಖೆಯಲ್ಲಿ ಸಾಲದ ಕೌಂಟರಿನಲ್ಲಿದ್ದೆ. ಟೀವಿ ಕೊಳ್ಳಲು ಸಾಲ ಕೇಳುವವರ ಸಾಲು. ಸಾಲಗಾರ ಒಬ್ಬ, ಜಾಮೀನುದಾರ ಒಬ್ಬ. ನನ್ನ ಕೆಲಸ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, "ಇಲ್ಲೊಂದು, ಇಲ್ಲೊಂದು, ಹಿಂದುಗಡೆ ಒಂದು" ಎಂದು ಸಹಿ ಹಾಕಿಸುವುದು. ಕಾಗದವೆಲ್ಲ ಇಂಗ್ಲಿಷು, ಸಣ್ಣ ಅಕ್ಷರ. ಒಬ್ಬ ಶಾಲೆಯ ಜವಾನರು ತಮ್ಮ ಸಹೋದ್ಯೋಗಿಗೆ ಜಾಮೀನು ಹಾಕಿದರು. ಸಹೋದ್ಯೋಗಿ ಕಂತು ಕಟ್ಟುವುದನ್ನು ನಿಲ್ಲಿಸಿದ. ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಜವಾನರ ಸಂಬಳದಲ್ಲಿ ಹದಿನಾಲ್ಕು ತಿಂಗಳು ಕಡಿತವಾಯಿತು. ಒಂದು ದಿನ ಅವರು ನನ್ನ ಕೌಂಟರಿಗೆ ಬಂದು ನಿಂತರು. ಜಗಳ ಮಾಡಲಿಲ್ಲ. "ನಾನು ಸಾಕ್ಷಿ ಹಾಕ್ತಾ ಇದ್ದೀನಿ ಅಂದ್ಕೊಂಡಿದ್ದೆ ಸಾರ್. ಜಾಮೀನು ಅಂತ ನೀವು ಹೇಳಲಿಲ್ಲ" ಎಂದರು.

ಹೇಳಿರಲಿಲ್ಲ, ನಿಜ. ಹೇಳಬೇಕೆಂಬ ನಿಯಮ ನನ್ನ ಮೇಜಿನ ಮೇಲೆ ಇರಲಿಲ್ಲ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಈಗ ಅಂಥ ನಿಯಮ ಬಂದಿದೆ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ, ಸಾಲ ಕೊಡುವ ಫೈನಾನ್ಸ್ ಕಂಪನಿಯಾಗಲಿ, ಸಾಮಾನ್ಯ ಜನರಿಗೆ ಕಂತಿನ ಸಾಲ ಕೊಡುವ ಮೊದಲು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪತ್ರ ಕೊಡಬೇಕು. ಕನ್ನಡದಲ್ಲಿ ಮುಖ್ಯಾಂಶ ಪತ್ರ ಎನ್ನೋಣ. ಸಾಲ ಎಷ್ಟು, ಕಂತು ಎಷ್ಟು, ಫೀ ಎಷ್ಟು, ತಡವಾದರೆ ದಂಡ ಎಷ್ಟು, ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ, ದೂರು ಯಾರಿಗೆ ಕೊಡಬೇಕು, ಎಲ್ಲವೂ ಅದರಲ್ಲಿ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅದನ್ನು ವಿವರಿಸಿ ಹೇಳಬೇಕು. ಏಳು ದಿನಕ್ಕಿಂತ ಹೆಚ್ಚಿನ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶ. ಆ ಪತ್ರದಲ್ಲಿ ಇಲ್ಲದ ಯಾವ ಶುಲ್ಕವನ್ನೂ ಆಮೇಲೆ ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಈ ಕೊನೆಯ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ಈ ಪತ್ರದ ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಮಾರನೆಯ ದಿನ ಕನ್ನಡಕ ಹಾಕಿಕೊಂಡೇ ಹೋದೆ. "ಮುಖ್ಯಾಂಶ ಪತ್ರ ಕೊಡಪ್ಪ" ಎಂದೆ. "ಅದು ಒಟಿಪಿ ಹೇಳಿದ ಮೇಲೆ ಮೇಲ್‌ಗೆ ಬರತ್ತೆ ಸಾರ್" ಎಂದ ಹುಡುಗ. "ಮದುವೆ ಆದಮೇಲೆ ಜಾತಕ ತೋರಿಸಿದ ಹಾಗಾಯ್ತಲ್ಲಪ್ಪ, ಮೊದಲೇ ಕೊಡು" ಎಂದೆ. ಅವನು ಒಳಗಿದ್ದ ಹಿರಿಯರನ್ನು ಕರೆದ. ಅವರು ತಕರಾರು ಮಾಡದೆ ಪ್ರಿಂಟ್ ತೆಗೆದುಕೊಟ್ಟರು. ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಕೇಳಿದೆ. ಇಪ್ಪತ್ತು ನಿಮಿಷ ಕಾಯಬೇಕಾಯಿತು, ಆದರೆ ಬಂತು. ಇದ್ದೇ ಇದೆ, ಯಾರೂ ಕೇಳುವುದಿಲ್ಲ ಅಷ್ಟೆ.

ಪತ್ರದಲ್ಲಿ ಬಡ್ಡಿ ಎಂಬಲ್ಲಿ ಸೊನ್ನೆಯೇ ಇತ್ತು. ಅದರ ಕೆಳಗೆ, ಫೀ ಎಲ್ಲ ಸೇರಿದ ವಾರ್ಷಿಕ ದರ ಎಂಬಲ್ಲಿ ಶೇ. 8.04! ಬೋರ್ಡಿನ ಸೊನ್ನೆ ಕಾಗದಕ್ಕೆ ಬರುವಷ್ಟರಲ್ಲಿ ಎಂಟಾಗಿತ್ತು. ನಾವು ಕಂಡುಹಿಡಿದ 26 ಏಕೆ ಇಲ್ಲ ಎಂದು ಪುಟ್ಟಿ ಕೇಳಿದಳು, ಒಳ್ಳೆಯ ಪ್ರಶ್ನೆ. ನಗದಿಗೆ ಬಿಡುವ 1,500 ರೂಪಾಯಿ ಅಂಗಡಿಯವರ ವಿಷಯ, ಸಾಲ ಕೊಡುವ ಕಂಪನಿಯ ಪತ್ರದಲ್ಲಿ ಅದು ಕಾಣುವುದಿಲ್ಲ. ಅದನ್ನು ನಾವೇ ಬಾಯಿಬಿಟ್ಟು ಕೇಳಿ ತಿಳಿಯಬೇಕು. ಜೊತೆಗೆ ಮೊದಲ ದಿನ ಕಟ್ಟಬೇಕಾದ ಹಣದ ಪಟ್ಟಿಯಲ್ಲಿ, ನಾನು ಕೇಳಿಯೇ ಇರದ ವಿಸ್ತರಿತ ವಾರಂಟಿಗೆಂದು 1,999 ರೂಪಾಯಿ ಸೇರಿತ್ತು. "ಎಲ್ಲರೂ ತಗೊಳ್ತಾರೆ ಸಾರ್" ಎಂದರು. ಬೇಡವೆಂದೆ, ತೆಗೆದರು. ನಾನು 28,500 ರೂಪಾಯಿಯ ಚೆಕ್ ಬರೆದುಕೊಟ್ಟೆ. ನನ್ನ ಠೇವಣಿಗೆ ಬರುವ ಬಡ್ಡಿ ಶೇ. 7ರ ಆಸುಪಾಸು. ಏಳರಲ್ಲಿ ಗಳಿಸಿ ಇಪ್ಪತ್ತಾರರಲ್ಲಿ ಕಳೆಯಲು ನಾನೇನು ಹುಚ್ಚನೇ?

ಸಾಲವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನ ಸಂಬಳ ಉಂಡವನು ಹಾಗೆ ಹೇಳಿದರೆ ನಗುತ್ತೀರಿ. ಕೈಯಲ್ಲಿ ಗಂಟು ಇಲ್ಲದವರಿಗೆ ಕಂತೇ ದಾರಿ. ದರ ತಿಳಿದು ತೆಗೆದುಕೊಳ್ಳಿ ಎನ್ನುತ್ತೇನೆ. ಇಲ್ಲಿ ಇನ್ನೊಂದು ಹಳೆಯ ಕೈಚಳಕ ಇದೆ: 'ಫ್ಲ್ಯಾಟ್' ದರ. ಹಳೆಯ ಸ್ಕೂಟರ್ ಕೊಳ್ಳಲು 60,000 ಸಾಲ, ಎರಡು ವರ್ಷ, ಬಡ್ಡಿ "ಬರೀ ಶೇ. 12" ಎನ್ನುತ್ತಾರೆ. ಎರಡು ವರ್ಷಕ್ಕೆ ಬಡ್ಡಿ 14,400, ಒಟ್ಟು 74,400, ತಿಂಗಳಿಗೆ 3,100. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಕಂತು ಕಟ್ಟುತ್ತಾ ಅಸಲು ಕರಗಿದರೂ ಬಡ್ಡಿ ಮಾತ್ರ ಪೂರ್ತಿ 60,000ದ ಮೇಲೆಯೇ. ಕರಗುವ ಬಾಕಿಯ ಮೇಲೆ ನೋಡಿದರೆ ಇದು ಶೇ. 21 ದಾಟುತ್ತದೆ. ಮುಖ್ಯಾಂಶ ಪತ್ರದ ವಾರ್ಷಿಕ ದರ ಈ ಕೈಚಳಕವನ್ನು ಬಯಲು ಮಾಡುತ್ತದೆ. ಅದೊಂದು ಅಂಕಿಯನ್ನು ಹಿಡಿದು ಎರಡು ಅಂಗಡಿ, ಎರಡು ಕಂಪನಿಗಳನ್ನು ಹೋಲಿಸಬಹುದು.

ಗ್ರಾಹಕ ಎಂದರೆ ಯಾರು ಎಂದು ಪುಟ್ಟಿಯ ಪುಸ್ತಕದಲ್ಲಿ ಪಾಠವಿದೆ. ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಅದಕ್ಕೇ ಆ ದಿನ ರಾಷ್ಟ್ರೀಯ ಗ್ರಾಹಕರ ದಿನ. ಅದರ ಜಾಗದಲ್ಲಿ 2019ರ ಕಾಯ್ದೆ ಬಂತು, 2020ರ ಜುಲೈ 20ರಿಂದ ಜಾರಿಯಾಯಿತು. ಪೂರ್ತಿ ದುಡ್ಡು ಕೊಟ್ಟವನೂ ಗ್ರಾಹಕ, ಅರ್ಧ ಕೊಟ್ಟು ಅರ್ಧ ಕೊಡುತ್ತೇನೆಂದವನೂ ಗ್ರಾಹಕ, ಕಂತಿನಲ್ಲಿ ಕೊಂಡವನೂ ಗ್ರಾಹಕ. "ನೀವಿನ್ನೂ ಸಾಲ ತೀರಿಸಿಲ್ಲ, ದೂರು ಹೇಳೋಕೆ ಬರಬೇಡಿ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಹಾಗೆಂದು ಟೀವಿ ಕೆಟ್ಟಿತೆಂದು ಕಂತು ನಿಲ್ಲಿಸಲೂಬೇಡಿ. ಟೀವಿ ಕೊಟ್ಟವರು ಬೇರೆ, ಹಣ ಕೊಟ್ಟವರು ಬೇರೆ. ಕಂತು ಕಟ್ಟುತ್ತಲೇ ಅಂಗಡಿಯವರ ಮೇಲೆ ದೂರು ಕೊಡಿ, ಇಲ್ಲದಿದ್ದರೆ ಎರಡು ಜಗಳ ಒಟ್ಟಿಗೆ ಮಾಡಬೇಕಾಗುತ್ತದೆ.

ಅಂಗಡಿಗಳಲ್ಲಿ ಒಂದು ಬೋರ್ಡು ನೋಡಿರುತ್ತೀರಿ: "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ." ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದರೆ ಅವರು ವಾಪಸ್ ತೆಗೆದುಕೊಳ್ಳಲೇಬೇಕೆಂದಿಲ್ಲ. ಆದರೆ ವಸ್ತುವಿನಲ್ಲೇ ದೋಷವಿದ್ದರೆ ಬೋರ್ಡಿಗೆ ಬೆಲೆಯಿಲ್ಲ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟು ದಿನ, ಬರೆಯದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಎಂದು 2019ರ ಕಾಯ್ದೆಯೇ ಹೇಳುತ್ತದೆ. ಬಿಲ್ಲು ಕೊಡದಿರುವುದೂ ಅನುಚಿತವೇ. "ಬಿಲ್ಲು ಬೇಕಾದರೆ ರೇಟು ಜಾಸ್ತಿ" ಎಂಬ ಮಾತಿಗೆ ಮರುಳಾಗಿ ಮಿಕ್ಸಿ ತಂದವರು, ಅದು ಸುಟ್ಟುಹೋದ ದಿನ ಏನನ್ನು ಹಿಡಿದುಕೊಂಡು ಹೋಗುತ್ತಾರೆ?

ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಅಂಗಡಿಗೆ ಕರೆದುಕೊಂಡು ಹೋದಾಗ ಆಡಬಹುದಾದ ಆಟವೊಂದಿದೆ. ನಾವಿಬ್ಬರೂ ಆಡುತ್ತೇವೆ. ಪೊಟ್ಟಣ ತಿರುಗಿಸಿ ಗರಿಷ್ಠ ಮಾರಾಟ ಬೆಲೆ, ತೂಕ, ತಯಾರಾದ ದಿನ ಯಾರು ಮೊದಲು ಹುಡುಕುತ್ತಾರೆ ಎಂದು. ನನ್ನ ಕಣ್ಣಿಗೆ ಅಕ್ಷರ ಕಾಣುವಷ್ಟರಲ್ಲಿ ಅವಳು ಗೆದ್ದಿರುತ್ತಾಳೆ. ಎರಡು ಬಿಸ್ಕತ್ತು ಪೊಟ್ಟಣಕ್ಕೆ ಒಂದೇ ಬೆಲೆ, ಒಂದರ ತೂಕ ಕಡಿಮೆ ಎಂದು ಕಂಡುಹಿಡಿದದ್ದು ಅವಳೇ. ಬಸ್ ಸ್ಟ್ಯಾಂಡಿನಲ್ಲಿ ತಂಪು ಪಾನೀಯಕ್ಕೆ "ಕೂಲಿಂಗ್ ಚಾರ್ಜ್" ಎಂದು ಎರಡು ರೂಪಾಯಿ ಹೆಚ್ಚು ಕೇಳುತ್ತಾರಲ್ಲ, ಅದು ತಪ್ಪು. ಆ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅಜ್ಜಿಯಂದಿರು ಬಂಗಾರ ಕೊಳ್ಳುವಾಗ ಹಾಲ್‌ಮಾರ್ಕಿನ ಜೊತೆ ಅಕ್ಷರ-ಅಂಕಿ ಬೆರೆತ ಆರು ಗುರುತುಗಳ ಸಂಖ್ಯೆ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಒಡವೆಯ ಶುದ್ಧತೆ ಗೊತ್ತಾಗುತ್ತದೆ. ಈ ಕೆಲಸ ಮೊಮ್ಮಕ್ಕಳಿಗೆ ಕೊಡಿ, ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತಾರೆ.

ಮಕ್ಕಳಿಗೆ ಮಾತ್ರ ಒಂದು ಮಾತು. ಹದಿನೆಂಟು ತುಂಬದವರು ಕರಾರು ಮಾಡಿಕೊಂಡರೆ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ತಾತನ ಫೋನಿಗೆ ಬಂದ ಒಟಿಪಿಯನ್ನು ನೀವು ಒತ್ತಿದರೆ ಕಂಪನಿಯವರ ಕಣ್ಣಿಗೆ ಒತ್ತಿದವರು ತಾತನೇ. "ಈಗ ಕೊಳ್ಳಿ, ಆಮೇಲೆ ಕೊಡಿ" ಎಂಬ ಗುಂಡಿ ಆಟದ ಆ್ಯಪಿನಲ್ಲೂ ಇರುತ್ತದೆ, ಬಟ್ಟೆಯ ಆ್ಯಪಿನಲ್ಲೂ ಇರುತ್ತದೆ. ಅದೂ ಸಾಲವೇ. ಸಾಲದ ಆ್ಯಪು ನಿಮ್ಮ ಫೋನಿನ ಫೋಟೊ, ಪರಿಚಿತರ ನಂಬರುಗಳನ್ನು ನೋಡಲು ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅವು ಅವನ್ನು ಮುಟ್ಟುವಂತಿಲ್ಲ. ಆ್ಯಪಿನಲ್ಲಿ ತೆಗೆದುಕೊಂಡ ಸಾಲವನ್ನು ಬೇಡವೆನ್ನಿಸಿದರೆ ಕನಿಷ್ಠ ಒಂದು ದಿನದೊಳಗೆ ಅಸಲು ಮತ್ತು ಅಷ್ಟು ದಿನದ ಖರ್ಚು ಕಟ್ಟಿ, ದಂಡವಿಲ್ಲದೆ ಹೊರಬರಲು ಅವಕಾಶವೂ ಇದೆ.

ಇನ್ನು ನಮ್ಮ ಬೀದಿಯಲ್ಲಿ ಹೂವು ಮಾರುವ ತಾಯಿಯ ವಿಷಯ. ಮಗ ಕಾಲೇಜಿಗೆ ಸೇರಿದನೆಂದು ಕಂತಿನಲ್ಲಿ ಫೋನು ಕೊಡಿಸಿದ್ದರು. ತಿಂಗಳಿಗೆ 1,500. ಆಷಾಢ ಬಂತು. ಮದುವೆ ಮುಂಜಿ ಇಲ್ಲ, ಹೂವಿಗೆ ಗಿರಾಕಿ ಇಲ್ಲ. 5ನೇ ತಾರೀಖು ಖಾತೆಯಲ್ಲಿ ದುಡ್ಡಿರಲಿಲ್ಲ, ಕಂತು ಹೋಗಲಿಲ್ಲ. ಕಂಪನಿಯವರು ಆ ಒಂದೇ ಕಂತಿಗೆ ಮೂರು ಸಲ ಪ್ರಯತ್ನಿಸಿದರು. ಪ್ರತಿ ಸಲವೂ ಆಕೆಯ ಬ್ಯಾಂಕು 295 ರೂಪಾಯಿ ಹಿಡಿಯಿತು, ಒಟ್ಟು 885. ಕಂಪನಿಯದು ಬೇರೆ: ಕಂತು ಮರಳಿದ್ದಕ್ಕೆ 590, "ಮನೆ ಭೇಟಿ"ಗೆ 350. ಎಲ್ಲ ಕೂಡಿಸಿದರೆ 1,825. ಕಂತಿಗಿಂತ ದಂಡವೇ ಹೆಚ್ಚು! ಮೇಲೆ ರಾತ್ರಿ ಒಂಬತ್ತೂವರೆಗೆ ಫೋನು. ಪಕ್ಕದ ಮನೆಯವರಿಗೂ ಫೋನು.

ಒಂದು ಬೆಳಿಗ್ಗೆ ಹೂವು ಕೊಡಲು ಬಂದವರು ಬಾಗಿಲಲ್ಲೇ ಕೂತು ಅತ್ತುಬಿಟ್ಟರು. "ಪಕ್ಕದ ಮನೆಯವರು ಮುಖ ನೋಡ್ತಿಲ್ಲ ಅಮ್ಮಾವ್ರೆ" ಎಂದು ನನ್ನಾಕೆಯ ಹತ್ತಿರ ಹೇಳಿಕೊಂಡರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಆ ಜವಾನರು ನೆನಪಾದರು.

"ಏನಮ್ಮ, ಸಾಲ ಕೊಟ್ಟಾಗ ಏನಾದರೂ ಕಾಗದ ಕೊಟ್ಟಿದ್ದರಾ?" ಎಂದೆ. "ಮಗನ ಫೋನಲ್ಲಿ ಏನೋ ಐತಂತೆ ಸಾರ್" ಎಂದರು. ಮಗನನ್ನು ಕರೆಸಿದೆ. ಮುಖ್ಯಾಂಶ ಪತ್ರ ಮೆಸೇಜಿನ ಲಿಂಕಿನಲ್ಲಿ ಬಂದು ಬಿದ್ದಿತ್ತು, ಯಾರೂ ತೆರೆದಿರಲಿಲ್ಲ. ಪುಟ್ಟಿಯೂ ಅವನೂ ಸೇರಿ ಓದಿದರು. ಕಂತು ಮರಳಿದರೆ 590 ಎಂದು ಇತ್ತು. ಮನೆ ಭೇಟಿಯ ಶುಲ್ಕ ಎಲ್ಲಿಯೂ ಇರಲಿಲ್ಲ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲೇ ಒಂದು ಪತ್ರ ಬರೆದೆ. ಮೇಲ್ ಮಾಡಿದ್ದು ಹುಡುಗ. ಪತ್ರದಲ್ಲಿ ಮೂರೇ ವಿಷಯ. ಸಾಲದ ಪೂರ್ತಿ ಲೆಕ್ಕದ ಪಟ್ಟಿ ಕಳಿಸಿ. ಮುಖ್ಯಾಂಶ ಪತ್ರದಲ್ಲಿ ಇಲ್ಲದ 350 ರೂಪಾಯಿ ತೆಗೆಯಿರಿ. ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು, ನೆಂಟರು ನೆರೆಯವರ ಮುಂದೆ ಅವಮಾನ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿರುವುದು ತಮಗೆ ಗೊತ್ತೇ ಇದೆ, ಈ ಕೆಳಗಿನ ದಿನ ಈ ಹೊತ್ತಿಗೆ ಫೋನು ಬಂದಿದೆ. ದಿನ, ಹೊತ್ತು, ನಂಬರು ಬರೆದು ಕಳಿಸಿದೆವು. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ. ಅರ್ಜಿಯಲ್ಲಿ ಸಿಟ್ಟು ಹೆಚ್ಚಾದಷ್ಟೂ ವಿಷಯ ಕಡಿಮೆಯಾಗುತ್ತದೆ ಎಂಬುದು ಎರಡೂ ಕಡೆ ಕೂತು ನೋಡಿದ ನನ್ನ ಅನುಭವ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿಬೀಳದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದೆಂದು ಮೊದಲೇ ಯೋಚಿಸಿಟ್ಟಿದ್ದೆ. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಫೋನು ಮಾಡಬಹುದು. ಸಾಲದ ವಿಷಯವಲ್ಲದೆ ವಸ್ತುವಿನ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಸ್ತು ಕೊಂಡ ಊರಿಗೇ ಹೋಗಬೇಕೆಂದಿಲ್ಲ, ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ. ಎಲ್ಲಿ ಹೋದರೂ ಮೊದಲು ಕೇಳುವುದು ಬಿಲ್ಲು.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಹತ್ತೊಂಬತ್ತನೆಯ ದಿನ ಉತ್ತರ ಬಂತು. 350 ತೆಗೆದಿದ್ದರು. ರಾತ್ರಿಯ ಫೋನು ನಿಂತಿತು. 590 ಉಳಿಯಿತು, ಅದು ಒಪ್ಪಿದ ಪತ್ರದಲ್ಲೇ ಇತ್ತು. ಬ್ಯಾಂಕಿನ 885ನ್ನು ಕೇಳಲು ನಾನೇ ಶಾಖೆಗೆ ಹೋದೆ. ಅಲ್ಲಿನ ಹುಡುಗಿ ಶುಲ್ಕಗಳ ಪಟ್ಟಿ ತೋರಿಸಿದಳು, ಅದರಲ್ಲಿ ಇತ್ತು. ಹಾಗಾಗಿ ವಾಪಸ್ ಬರಲಿಲ್ಲ. ಒಂದೇ ಕಂತಿಗೆ ಮೂರು ಸಲ ಹಿಡಿಯುವುದು ನನಗಿನ್ನೂ ಸರಿಕಾಣುವುದಿಲ್ಲ. ಆದರೆ ಕಂತಿನ ದಿನವನ್ನು 5ರಿಂದ 12ಕ್ಕೆ ಬದಲಾಯಿಸಿಕೊಡಲು ಕಂಪನಿ ಒಪ್ಪಿತು. ದುಡ್ಡು ಹೊಂದುವುದಿಲ್ಲ ಎಂದು ಮೊದಲೇ ಗೊತ್ತಾದರೆ ದಿನ ತಪ್ಪುವ ಮುಂಚೆಯೇ ಹೋಗಿ ಕೇಳಬೇಕು. ಆಮೇಲೆ ಕೇಳಿದರೆ ದಂಡದ ಮಾತೇ ಮುಂದೆ ಬರುತ್ತದೆ.

ಮೊನ್ನೆ ಕೊನೆಯ ಕಂತು ಮುಗಿಯಿತು. ಸಾಲ ತೀರಿದೆ ಎಂಬ ಪತ್ರ ಕೇಳಿ ಪಡೆಯಿರಿ ಎಂದು ಹೇಳಿದ್ದೆ. ಮಗ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ. ಎಲ್ಲಿಡಬೇಕು ಎಂದು ಕೇಳಿದರು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲು, ಮುಖ್ಯಾಂಶ ಪತ್ರ, ಈ ಪತ್ರ ಮೂರನ್ನೂ ಹಾಕಿಕೊಟ್ಟೆ. ಕೆಲವು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ ನೋಡೋಣ, ವರ್ಷಕ್ಕೊಂದು ಸಲ ಅದು ಉಚಿತ, ಈ ಸಾಲ ಮುಗಿದಿದೆ ಎಂದು ಅಲ್ಲಿಯೂ ಬಂದಿರಬೇಕು ಎಂದೆ. ಹುಡುಗ ಫೋನಿನಲ್ಲಿ ದಿನ ಗುರುತು ಹಾಕಿಕೊಂಡ.

ಹೋಗುವಾಗ ಆ ತಾಯಿ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಅಳೆದು ನನ್ನಾಕೆಯ ಕೈಗಿಟ್ಟರು. ದುಡ್ಡು ಕೊಡಹೋದರೆ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಅವರು ಗೇಟು ದಾಟಿದ ಮೇಲೆ ನನ್ನಾಕೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಆ ದಿನದ ಚೌಕದಲ್ಲಿ ಪೆನ್ಸಿಲ್ಲಿನಿಂದ ಬರೆದಳು: "ಹೂವು ಒಂದು ಮೊಳ. ಕೊಡಬೇಕು."